ಸಕ್ಕರೆಯಿಲ್ಲದ ಡಯಾಬಿಟಿಸ್: ದೇಹದ ನೀರನ್ನು ಕಾಯುವ ಹಾರ್ಮೋನು

ರೋಗಗಳಿಗೆ ಒಮ್ಮೆ ಅಂಟಿದ ಹೆಸರು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಹೆಸರಿನ ಅರ್ಥ ಹಳತಾದರೂ, ತಪ್ಪೆಂದು ತಿಳಿದರೂ ವೈದ್ಯಲೋಕ ಅದನ್ನೇ ಬಳಸುತ್ತ ಹೋಗುತ್ತದೆ. ಆದರೆ 2022ರಲ್ಲಿ ಹಲವು ದೇಶಗಳ ಅಂತಃಸ್ರಾವ ತಜ್ಞರು ಒಟ್ಟಾಗಿ, ಬಹುಕಾಲದಿಂದ ರೂಢಿಯಲ್ಲಿದ್ದ 'ಡಯಾಬಿಟಿಸ್ ಇನ್ಸಿಪಿಡಸ್' ಎಂಬ ಹೆಸರನ್ನು ಕೈಬಿಡಬೇಕೆಂದು ಸೂಚಿಸಿದರು. ಅದರ ಬದಲಿಗೆ 'ವಾಸೋಪ್ರೆಸಿನ್ ಕೊರತೆ' ಮತ್ತು 'ವಾಸೋಪ್ರೆಸಿನ್ ಪ್ರತಿರೋಧ' ಎಂಬ ಎರಡು ಹೆಸರುಗಳನ್ನು ಮುಂದಿಟ್ಟರು. ರೋಗದ ಸ್ವರೂಪದ ಬಗ್ಗೆ ಹೊಸದೇನೋ ತಿಳಿದುಬಂದದ್ದಷ್ಟೇ ಇದಕ್ಕೆ ಕಾರಣವಲ್ಲ. ಹಳೆಯ ಹೆಸರು ರೋಗಿಗಳ ಪ್ರಾಣಕ್ಕೇ ಸಂಚಕಾರ ತರುತ್ತಿತ್ತು. ಇದೇ ರೋಗವುಳ್ಳ ಸಾವಿರಕ್ಕೂ ಮಿಕ್ಕ ಜನರನ್ನು ಪ್ರಶ್ನಿಸಿದ ಒಂದು ಸಮೀಕ್ಷೆಯಲ್ಲಿ, ಹತ್ತರಲ್ಲಿ ಎಂಟು ಮಂದಿ ತಮ್ಮ ಕಾಯಿಲೆಯನ್ನು ವೈದ್ಯಕೀಯ ಸಿಬ್ಬಂದಿಯೇ ಸಕ್ಕರೆ ಕಾಯಿಲೆಯೆಂದು ತಪ್ಪು ತಿಳಿದ ಅನುಭವವನ್ನು ಹೇಳಿಕೊಂಡರು. ಅದಕ್ಕೂ ಮೊದಲೇ, 2016ರಲ್ಲಿ, ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ ತನ್ನ ಆಸ್ಪತ್ರೆಗಳಿಗೆಲ್ಲ ಎಚ್ಚರಿಕೆಯ ಪತ್ರವೊಂದನ್ನು ಕಳುಹಿಸಬೇಕಾಗಿ ಬಂದಿತ್ತು: ಈ ರೋಗಿಗಳಿಗೆ ಕೊಡಬೇಕಾದ ಔಷಧವನ್ನು ತಪ್ಪಿಸಿದರೆ ಅಥವಾ ತಡಮಾಡಿದರೆ ಸಾವು ಸಂಭವಿಸಬಹುದು ಎಂದು.

ಈ ಗೊಂದಲ ಎಲ್ಲಿಂದ ಬಂತು? 'ಡಯಾಬಿಟಿಸ್' ಎಂಬುದು ಗ್ರೀಕ್ ಮೂಲದ ಶಬ್ದ. ಹಾದುಹೋಗುವುದು, ತೂರಿಹೋಗುವುದು ಎಂಬುದು ಅದರ ಅರ್ಥ. ಕುಡಿದ ನೀರು ದೇಹದಲ್ಲಿ ನಿಲ್ಲದೆ ಹಾಗೆಯೇ ಹರಿದುಹೋಗುವ ರೋಗಿಯನ್ನು ಕಂಡು ಹುಟ್ಟಿದ ಮಾತು ಅದು. ಅದರಲ್ಲಿ ಸಕ್ಕರೆಯ ಸುಳಿವೇ ಇಲ್ಲ. ಮುಂದೆ ಕೆಲವರ ಮೂತ್ರ ಸಿಹಿಯಾಗಿಯೂ ಕೆಲವರದು ರುಚಿಯಿಲ್ಲದೆಯೂ ಇರುವುದನ್ನು ಯುರೋಪಿನ ವೈದ್ಯರು ಗುರುತಿಸಿದರು. ಆಗಿನ ವೈದ್ಯರ ಬಳಿ ನಾಲಿಗೆಯೇ ಪರೀಕ್ಷಾ ಸಾಧನವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮೊದಲನೆಯದಕ್ಕೆ ಜೇನಿನ ಹೆಸರು ಸೇರಿ 'ಮೆಲಿಟಸ್' ಆಯಿತು. ಎರಡನೆಯದು 'ಇನ್ಸಿಪಿಡಸ್', ಅಂದರೆ ಸಪ್ಪೆ. ಕನ್ನಡದಲ್ಲಿ ಮೊದಲನೆಯದನ್ನು ಸಿಹಿಮೂತ್ರರೋಗ ಎನ್ನುವ ರೂಢಿಯಿದೆ. ಎರಡನೆಯದನ್ನು ಸಪ್ಪೆಮೂತ್ರರೋಗ ಎಂದರೆ ಲ್ಯಾಟಿನ್ ಮಾತಿಗೆ ಇದಕ್ಕಿಂತ ನಿಕಟವಾದ ಕನ್ನಡ ಸಿಗಲಾರದು. ಆಯುರ್ವೇದವು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿದಾಗ ಮಧುಮೇಹವನ್ನು ಒಂದು ಕೊನೆಯಲ್ಲಿಟ್ಟು, ಕಫಜ ಪ್ರಮೇಹಗಳ ಸಾಲಿನಲ್ಲಿ 'ಉದಕಮೇಹ' ಎಂಬುದನ್ನೂ ಸೇರಿಸಿತು. ನೀರಿನಂತೆ ತಿಳಿಯಾದ, ವಾಸನೆಯಿಲ್ಲದ ಮೂತ್ರ ಹೇರಳವಾಗಿ ಹೋಗುವುದು ಅದರ ಲಕ್ಷಣ. ಉದಕಮೇಹವೆಂದರೆ ಇಂದಿನ ಸಪ್ಪೆಮೂತ್ರರೋಗವೇ ಎಂದು ಸಮೀಕರಿಸಿಬಿಡುವುದು ಅವಸರವಾದೀತು. ಎರಡು ಶಾಸ್ತ್ರಗಳ ಚೌಕಟ್ಟುಗಳು ಬೇರೆ. ಆದರೂ ಸಿಹಿಯಾದುದನ್ನೂ ನೀರಾದುದನ್ನೂ ಬೇರೆ ಬೇರೆ ಹೆಸರಿನಿಂದ ಕರೆಯಬೇಕೆಂಬ ವಿವೇಕ ಅಲ್ಲಿತ್ತು.

ಗಡಿನಾಡಿನಲ್ಲಿ ಈ ಹೆಸರುಗಳ ತೊಡಕು ಇನ್ನೊಂದು ಸುತ್ತು ಹೆಚ್ಚು. ಕಾಸರಗೋಡಿನ ಕನ್ನಡಿಗರು ಆಸ್ಪತ್ರೆಯಲ್ಲಿ ಕೇಳುವ ಮಲಯಾಳದ 'ಪ್ರಮೇಹಂ' ಸಕ್ಕರೆ ಕಾಯಿಲೆಯೊಂದನ್ನೇ ಸೂಚಿಸುತ್ತದೆ, ಇಪ್ಪತ್ತು ಬಗೆಗಳನ್ನಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಮರಾಠಿ ಫಲಕಗಳಲ್ಲಿ ಕಾಣುವುದು 'ಮಧುಮೇಹ'. ಹೊಸೂರು, ತಾಳವಾಡಿಗಳಲ್ಲಿ ಓದಸಿಗುವ ತಮಿಳಿನ ಹೆಸರು ಎಲ್ಲಕ್ಕಿಂತ ಕುತೂಹಲಕರ: 'ನೀರಿೞಿವು'. ಹಳಗನ್ನಡದ 'ಇೞಿ' ಧಾತುವನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಲ್ಲ. ನೀರು ಇಳಿದುಹೋಗುವುದು, ನಷ್ಟವಾಗುವುದು ಎಂಬ ಈ ಹೆಸರು ಅಕ್ಷರಶಃ ಸಪ್ಪೆಮೂತ್ರರೋಗಕ್ಕೇ ಒಪ್ಪುವಂತಿದೆ. ಆದರೆ ರೂಢಿಯಲ್ಲಿ ಅದು ಹೇಳುವುದು ಸಕ್ಕರೆ ಕಾಯಿಲೆಯನ್ನು. ಎರಡು ರೋಗಗಳ ಹೊರಲಕ್ಷಣ ಒಂದೇ ಆಗಿರುವುದರಿಂದ, ಅಂದರೆ ತಡೆಯಲಾರದ ಬಾಯಾರಿಕೆ ಮತ್ತು ಮಿತಿಮೀರಿದ ಮೂತ್ರ ಎರಡರಲ್ಲಿಯೂ ಇರುವುದರಿಂದ, ಭಾಷೆಗಳು ಹೀಗೆ ಎಡವಿದ್ದು ಸಹಜ. ಒಳಗಿನ ಕಾರಣಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು. ಸಕ್ಕರೆ ಕಾಯಿಲೆಯಲ್ಲಿ ಮೂತ್ರಕ್ಕೆ ಇಳಿದ ಗ್ಲೂಕೋಸು ತನ್ನೊಡನೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಸಪ್ಪೆಮೂತ್ರರೋಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಕಾವಲುಗಾರನೇ ಇಲ್ಲ. ಆ ಕಾವಲುಗಾರ ಯಾರೆಂಬುದನ್ನು ತಿಳಿಯಬೇಕಾದರೆ ದೇಹದ ನೀರಿನ ಲೆಕ್ಕದಿಂದ ಆರಂಭಿಸಬೇಕು.

ಎಪ್ಪತ್ತು ಕಿಲೋ ತೂಕದ ವಯಸ್ಕ ಪುರುಷನ ದೇಹದಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆಯಾದ್ದರಿಂದ ಸ್ತ್ರೀಯರಲ್ಲಿ ಈ ಪ್ರಮಾಣ ತುಸು ಕಡಿಮೆ, ಹಸುಗೂಸುಗಳಲ್ಲಿ ಹೆಚ್ಚು. ಇದರ ಮೂರನೆಯ ಎರಡು ಪಾಲು ಜೀವಕೋಶಗಳ ಒಳಗೂ ಉಳಿದ ಪಾಲು ಹೊರಗೂ ಇದೆ. ಹೊರಗಿನ ನೀರಿನಲ್ಲಿ ಸೋಡಿಯಂ ಲವಣ ಮುಖ್ಯ, ಒಳಗಿನದರಲ್ಲಿ ಪೊಟ್ಯಾಸಿಯಂ. ಕೋಶದ ಪೊರೆಯನ್ನು ಉಪ್ಪು ಸುಲಭವಾಗಿ ದಾಟಲಾರದು, ನೀರು ದಾಟಬಲ್ಲುದು. ಆದ್ದರಿಂದ ಹೊರಗಿನ ದ್ರವ ಸಾಂದ್ರವಾದರೆ ಅಭಿಸರಣೆಯಿಂದ ಕೋಶಗಳ ನೀರು ಹೊರಬಂದು ಅವು ಬಾಡುತ್ತವೆ. ಹೊರಗಿನದು ತೆಳುವಾದರೆ ನೀರು ಒಳನುಗ್ಗಿ ಅವು ಉಬ್ಬುತ್ತವೆ. ಉಪ್ಪು ಬೆರೆಸಿಟ್ಟ ಸೌತೆಕಾಯಿ ನೀರು ಬಿಡುವುದನ್ನು ಕಂಡವರಿಗೆ ಮೊದಲನೆಯದು ಗೊತ್ತು. ಚರ್ಮದ ಕೋಶಗಳು ಸ್ವಲ್ಪ ಉಬ್ಬಿದರೆ ಅಪಾಯವಿಲ್ಲ. ಆದರೆ ತಲೆಬುರುಡೆಯ ಗಟ್ಟಿಯಾದ ಗೂಡಿನೊಳಗೆ ಮಿದುಳು ಉಬ್ಬಿದರೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ನೀರಿನ ಸಮತೋಲ ತಪ್ಪಿದಾಗಿನ ತೊಂದರೆಗಳೆಲ್ಲ ಮೊದಲು ತಲೆಯಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ರಕ್ತದ ಸಾಂದ್ರತೆಯನ್ನು ದೇಹ ಅಷ್ಟೊಂದು ಬಿಗಿಯಾಗಿ ಕಾಪಾಡಿಕೊಳ್ಳುವುದೂ ಇದಕ್ಕಾಗಿಯೇ. ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್‌ಗಳ ನಡುವೆಯೇ ಇರಬೇಕು. ಊಟದಲ್ಲಿ ಉಪ್ಪಿನಕಾಯಿ ಹೆಚ್ಚಾದ ದಿನವೂ, ಮದುವೆಮನೆಯಲ್ಲಿ ಪಾನಕ ಹೆಚ್ಚಾದ ದಿನವೂ ಈ ಗೆರೆ ಮೀರುವುದಿಲ್ಲ.

ಈ ಕೆಲಸ ನಡೆಯುವ ಜಾಗ ಮೂತ್ರಪಿಂಡ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನ್‌ನ ತುದಿಯಲ್ಲಿ ಲೋಮನಾಳಗಳ ಒಂದು ಗೊಂಚಲು. ರಕ್ತ ಅಲ್ಲಿ ಸೋಸಿ, ಜೀವಕೋಶಗಳೂ ದೊಡ್ಡ ಪ್ರೋಟೀನುಗಳೂ ಹಿಂದುಳಿದು, ನೀರು ಮತ್ತು ಲವಣಗಳು ನಾಳದೊಳಕ್ಕೆ ಇಳಿಯುತ್ತವೆ. ಹೀಗೆ ದಿನವೊಂದಕ್ಕೆ ಸೋಸುವ ದ್ರವ 180 ಲೀಟರ್! ದೇಹದ ಪ್ಲಾಸ್ಮಾ ಒಟ್ಟು ಮೂರು ಲೀಟರ್ ಎಂದಿಟ್ಟುಕೊಂಡರೆ, ಅದು ದಿನಕ್ಕೆ ಅರವತ್ತು ಸಲ ಸೋಸಲ್ಪಡುತ್ತದೆ. ಆದರೆ ಹೊರಹೋಗುವ ಮೂತ್ರ ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದದ್ದೆಲ್ಲ ಮರಳಿ ರಕ್ತಕ್ಕೆ ಸೇರುತ್ತದೆ. ಇದರ ಬಹುಭಾಗ ಯಾರ ಅಪ್ಪಣೆಗೂ ಕಾಯದೆ ನಾಳದ ಮೊದಲ ಭಾಗಗಳಲ್ಲೇ ಹೀರಲ್ಪಡುತ್ತದೆ. ಕೊನೆಯಲ್ಲಿ ಉಳಿಯುವ ಸುಮಾರು ಹದಿನೆಂಟು, ಇಪ್ಪತ್ತು ಲೀಟರ್ ತೆಳುದ್ರವದ ಗತಿ ಏನಾಗಬೇಕೆಂಬುದು ಮಾತ್ರ ಒಂದು ಹಾರ್ಮೋನಿನ ಕೈಯಲ್ಲಿದೆ. ಅದೇ ವಾಸೋಪ್ರೆಸಿನ್, ಮೂತ್ರನಿರೋಧಕ ಹಾರ್ಮೋನು ಎಂಬುದು ಅದರ ಇನ್ನೊಂದು ಹೆಸರು.

ಈ ಹಾರ್ಮೋನು ತಯಾರಾಗುವುದು ಮಿದುಳಿನ ಬುಡದ ಹೈಪೋಥಲಮಸ್ ಎಂಬ ಭಾಗದ ನರಕೋಶಗಳಲ್ಲಿ. ಅಲ್ಲಿಂದ ಅದೇ ನರತಂತುಗಳ ಮೂಲಕ ಕೆಳಗಿಳಿದು, ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಶೇಖರವಾಗುತ್ತದೆ. ಪಿಟ್ಯುಟರಿ ಇಲ್ಲಿ ಕಣಜ ಮಾತ್ರ, ಹೊಲವಲ್ಲ. ಹಾರ್ಮೋನಿಗೆ 'ವಾಸೋಪ್ರೆಸಿನ್' ಎಂಬ ಹೆಸರು ಬಂದದ್ದೂ ಒಂದು ಆಕಸ್ಮಿಕವೇ. 1895ರಲ್ಲಿ ಆಲಿವರ್ ಮತ್ತು ಶೇಫರ್ ಪಿಟ್ಯುಟರಿಯ ಸಾರವನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿದಾಗ ರಕ್ತದೊತ್ತಡ ಏರಿತು. ರಕ್ತನಾಳವನ್ನು ಒತ್ತುವುದು ಎಂಬರ್ಥದ ಹೆಸರು ಆ ಗುಣದಿಂದ ಹುಟ್ಟಿತು. ಮೂತ್ರವನ್ನು ತಡೆಯುವ ಅದರ ನಿಜವಾದ ನಿತ್ಯಕರ್ಮ ತಿಳಿದದ್ದು 1913ರಲ್ಲಿ. ಜರ್ಮನಿಯಲ್ಲಿ ಫಾನ್ ಡೆನ್ ವೆಲ್ಡನ್, ಇಟಲಿಯಲ್ಲಿ ಫಾರಿನಿ, ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆ, ಸಪ್ಪೆಮೂತ್ರರೋಗಿಗಳಿಗೆ ಈ ಸಾರವನ್ನು ಚುಚ್ಚಿ, ಮೂತ್ರ ತಟ್ಟನೆ ಇಳಿದದ್ದನ್ನು ಕಂಡರು. ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಅಣುವಿನ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಕಟ್ಟಿದವರು ಅಮೆರಿಕದ ವಿನ್ಸೆಂಟ್ ಡು ವಿನ್ಯೋ. ಹೆರಿಗೆ, ಹಾಲೂಡಿಕೆಗಳಿಗೆ ಸಂಬಂಧಿಸಿದ ಆಕ್ಸಿಟೋಸಿನ್ ಇದರ ಒಡಹುಟ್ಟು. ಎರಡಕ್ಕೂ ಇರುವ ವ್ಯತ್ಯಾಸ ಎರಡೇ ಅಮೈನೋ ಆಮ್ಲಗಳದು. ಇಂಥ ಹಾರ್ಮೋನನ್ನು ಮೊದಲ ಬಾರಿ ಕೃತಕವಾಗಿ ತಯಾರಿಸಿದ್ದಕ್ಕಾಗಿ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾರ್ಮೋನು ಯಾವಾಗ ಹೊರಡಬೇಕೆಂದು ಮಿದುಳಿಗೆ ತಿಳಿಯುವುದು ಹೇಗೆ? ಕೇಂಬ್ರಿಜ್‌ನ ವರ್ನಿ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ನಾಯಿಗಳಿಗೆ ಮೊದಲು ಯಥೇಷ್ಟ ನೀರು ಕುಡಿಸಿ ಮೂತ್ರದ ಹರಿವು ಏರುವಂತೆ ಮಾಡಿ, ಆಮೇಲೆ ತಲೆಗೆ ಹೋಗುವ ರಕ್ತನಾಳಕ್ಕೆ ಉಪ್ಪಿನ ಸಾಂದ್ರ ದ್ರಾವಣವನ್ನು ಅವರು ಸೇರಿಸಿದರು. ಹರಿವು ಇಳಿಯಿತು. ಕೋಶಪೊರೆಯನ್ನು ಸಲೀಸಾಗಿ ದಾಟುವ ಯೂರಿಯಾ ಸೇರಿಸಿದಾಗ ಹಾಗಾಗಲಿಲ್ಲ. ಪಿಟ್ಯುಟರಿಯ ಹಿಂಭಾಗವನ್ನು ತೆಗೆದಿದ್ದ ನಾಯಿಗಳಲ್ಲಿ ಉಪ್ಪಿಗೂ ಪ್ರತಿಕ್ರಿಯೆಯಿರಲಿಲ್ಲ. ಅಂದಮೇಲೆ ಮಿದುಳಿನಲ್ಲೇ ಸಾಂದ್ರತೆಯನ್ನು ಅಳೆಯುವ ಕೋಶಗಳಿರಬೇಕು, ಅವು ಬಾಡಿದಾಗ ಸಂದೇಶ ಹೊರಡಬೇಕು ಎಂದು ವರ್ನಿ ತರ್ಕಿಸಿದರು. ಅದು ನಿಜವಾಯಿತು. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಈ ಕೋಶಗಳಿಗೆ ಅದು ತಿಳಿಯುತ್ತದೆ. ಅಡುಗೆಮನೆಯಲ್ಲಿ ಎಂಥ ಪಳಗಿದ ನಾಲಿಗೆಯೂ ಸಾರಿನ ಉಪ್ಪಿನಲ್ಲಿ ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಹಿಡಿಯಲಾರದು.

ರಕ್ತದಲ್ಲಿ ಹೊರಟ ವಾಸೋಪ್ರೆಸಿನ್ ಮೂತ್ರಪಿಂಡದ ಸಂಗ್ರಾಹಕ ನಾಳದ ಕೋಶಗಳನ್ನು ತಲಪಿ, ಅಲ್ಲಿನ ಗ್ರಾಹಕಕ್ಕೆ ಅಂಟುತ್ತದೆ. ಆಗ ಕೋಶದೊಳಗೆ ಸಿದ್ಧವಾಗಿ ಕಾದಿರುವ ನೀರ್ಗಂಡಿಗಳು ಮೇಲೆದ್ದು ಪೊರೆಯಲ್ಲಿ ಕೂರುತ್ತವೆ. ಅವುಗಳ ಮೂಲಕ ನೀರು ನಾಳದಿಂದ ಮರಳಿ ದೇಹಕ್ಕೆ ಸೇರುತ್ತದೆ. ಹಾರ್ಮೋನು ಇಳಿದಾಗ ಗಂಡಿಗಳು ಮತ್ತೆ ಒಳಸರಿಯುತ್ತವೆ. ನೀರು ಕೋಶಪೊರೆಯನ್ನು ದಾಟಲು ಪ್ರತ್ಯೇಕ ದಾರಿಯಿದೆಯೇ ಎಂಬುದು ಬಹುಕಾಲ ಬಿಡಿಸದ ಒಗಟಾಗಿತ್ತು. ಅಮೆರಿಕದ ಪೀಟರ್ ಆಗ್ರೆ ಕೆಂಪು ರಕ್ತಕಣಗಳಲ್ಲಿ ಹೇರಳವಾಗಿದ್ದ, ಕೆಲಸವೇನೆಂದು ತಿಳಿಯದ ಒಂದು ಪ್ರೋಟೀನಿನ ಬೆನ್ನುಹತ್ತಿ, ಅದನ್ನು ಕಪ್ಪೆಯ ಮೊಟ್ಟೆಗಳಲ್ಲಿ ತಯಾರಾಗುವಂತೆ ಮಾಡಿದರು. ಆ ಮೊಟ್ಟೆಗಳನ್ನು ತೆಳುನೀರಿಗೆ ಹಾಕಿದಾಗ ಅವು ಉಬ್ಬಿ ಒಡೆದವು. ಪ್ರೋಟೀನಿಲ್ಲದ ಮೊಟ್ಟೆಗಳು ಹಾಗೆಯೇ ಉಳಿದವು. 1992ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ 'ಅಕ್ವಾಪೊರಿನ್' ಎಂಬ ನೀರ್ಗಂಡಿಗಳ ಕುಲವೇ ಬೆಳಕಿಗೆ ಬಂತು. ಆಗ್ರೆ 2003ರ ನೊಬೆಲ್ ಹಂಚಿಕೊಂಡರು. ಮೂತ್ರಪಿಂಡದಲ್ಲಿ ವಾಸೋಪ್ರೆಸಿನ್ ಮಾತು ಕೇಳುವುದು ಈ ಕುಲದ ಎರಡನೆಯ ಸದಸ್ಯ.

ಕಾವಲು ಎಷ್ಟೇ ಬಿಗಿಯಾಗಿದ್ದರೂ ಮೂತ್ರವನ್ನು ಪೂರ್ತಿ ನಿಲ್ಲಿಸಲಾಗದು. ದಿನವೂ ಹೊರಹಾಕಬೇಕಾದ ಯೂರಿಯಾ, ಲವಣ ಮೊದಲಾದ ಕಶ್ಮಲಗಳ ಮೊತ್ತ ಸುಮಾರು 600 ಮಿಲಿಆಸ್ಮೋಲ್. ಮನುಷ್ಯನ ಮೂತ್ರಪಿಂಡ ಒಂದು ಲೀಟರಿನಲ್ಲಿ ಹೆಚ್ಚೆಂದರೆ 1200ರಷ್ಟನ್ನು ತುಂಬಬಲ್ಲುದು. ಎಂದರೆ ಅರ್ಧ ಲೀಟರ್ ನೀರಾದರೂ ದಿನಕ್ಕೆ ಹೋಗಲೇಬೇಕು. ಬೆವರು, ಉಸಿರುಗಳ ಮೂಲಕ ಹೋಗುವುದು ಬೇರೆ. ಹಾರ್ಮೋನು ಇರುವ ನೀರನ್ನು ಉಳಿಸಬಲ್ಲುದೇ ಹೊರತು ಹೊಸ ನೀರನ್ನು ತರಲಾರದು. ತರುವ ಕೆಲಸ ಬಾಯಾರಿಕೆಯದು. ವಾಸೋಪ್ರೆಸಿನ್ ಏರತೊಡಗಿದ ಮೇಲೆ, ಸಾಂದ್ರತೆ ಇನ್ನೂ ತುಸು ಹೆಚ್ಚಿದಾಗ ಬಾಯಾರಿಕೆ ಹುಟ್ಟುತ್ತದೆ. ಕುಡಿದ ನೀರು ರಕ್ತಕ್ಕೆ ಸೇರುವ ಮೊದಲೇ, ಗಂಟಲಿನಲ್ಲಿ ಇಳಿಯುತ್ತಿರುವಾಗಲೇ, ಎರಡೂ ತಗ್ಗುತ್ತವೆ. ಇಲ್ಲವಾದರೆ ಬಿಸಿಲಿನಿಂದ ಬಂದವರು ಬಿಂದಿಗೆ ಬರಿದಾಗುವವರೆಗೆ ಕುಡಿಯುತ್ತಲೇ ಇರಬೇಕಾಗುತ್ತಿತ್ತು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿಯೂ ಕುಗ್ಗುತ್ತದೆ. 'ನೀರು ಬೇಡ' ಎನ್ನುವ ವೃದ್ಧರ ಮಾತನ್ನು ಸೊಲ್ಲಾಪುರದಂಥ ಊರಿನ ಮೇ ತಿಂಗಳಿನಲ್ಲಿ ಹಾಗೆಯೇ ನಂಬಬಾರದು.

ನೀರಿನ ಜೊತೆಗೆ ಉಪ್ಪಿನ ಲೆಕ್ಕವೂ ಇದೆ, ಅದರ ಅಧಿಕಾರಿ ಬೇರೆ. ಮೂತ್ರಪಿಂಡದಲ್ಲಿ ದಿನಕ್ಕೆ ಸೋಸಿ ಇಳಿಯುವ ಸೋಡಿಯಂ ಅನ್ನು ಅಡುಗೆ ಉಪ್ಪಾಗಿ ತೂಗಿದರೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಆಗುತ್ತದೆ. ಅದರಲ್ಲಿ ಕೆಲವೇ ಗ್ರಾಂ ಬಿಟ್ಟು ಉಳಿದದ್ದನ್ನು ದೇಹ ಮರಳಿ ಪಡೆಯುತ್ತದೆ. ಇದರ ಕೊನೆಯ ಹೊಂದಾಣಿಕೆಯನ್ನು ನೋಡಿಕೊಳ್ಳುವುದು ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರಾನ್. ರಕ್ತದ ಪ್ರಮಾಣ ಕುಗ್ಗಿದರೆ ಮೂತ್ರಪಿಂಡ ರೆನಿನ್ ಎಂಬುದನ್ನು ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್, ಅದರಿಂದ ಆಲ್ಡೋಸ್ಟಿರಾನ್, ಹೀಗೆ ಸರಪಳಿ ಸಾಗಿ ಉಪ್ಪು ಉಳಿಯುತ್ತದೆ, ಉಪ್ಪಿನ ಹಿಂದೆ ನೀರೂ ಉಳಿಯುತ್ತದೆ. ಇದಕ್ಕೆ ಎದುರಾಗಿ, ರಕ್ತ ಹೆಚ್ಚಾಗಿ ಹಿಗ್ಗಿದ ಹೃದಯವೇ ಉಪ್ಪನ್ನು ಹೊರದೂಡುವ ಹಾರ್ಮೋನನ್ನು ಸ್ರವಿಸುತ್ತದೆಂದು 1981ರಲ್ಲಿ ಡಿ ಬೋಲ್ಡ್ ಮತ್ತು ಸಂಗಡಿಗರು ತೋರಿಸಿದರು. ಹೃದಯ ಬರಿಯ ಪಂಪಲ್ಲ, ಗ್ರಂಥಿಯೂ ಹೌದೆಂಬುದು ಆಗ ಅಚ್ಚರಿಯ ಸುದ್ದಿ. ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು: ದೇಹದಲ್ಲಿ ಒಟ್ಟು ಉಪ್ಪೆಷ್ಟು ಎಂಬುದು ರಕ್ತದ ಗಾತ್ರವನ್ನು ನಿರ್ಧರಿಸುತ್ತದೆ. ರಕ್ತಪರೀಕ್ಷೆಯಲ್ಲಿ ಕಾಣುವ ಸೋಡಿಯಂ ಅಂಕಿಯಾದರೋ ಉಪ್ಪಿಗೆ ಹೋಲಿಸಿದರೆ ನೀರು ಹೆಚ್ಚೋ ಕಡಿಮೆಯೋ ಎಂಬುದನ್ನು ಹೇಳುತ್ತದೆ. 'ಸೋಡಿಯಂ ಕಡಿಮೆ' ಎಂದು ಬರೆದ ಚೀಟಿ ಹಲವು ಸಲ 'ನೀರು ಹೆಚ್ಚು' ಎಂದು ಓದಿಕೊಳ್ಳಬೇಕಾದದ್ದು.

ವಾಸೋಪ್ರೆಸಿನ್ ಇಲ್ಲವಾದಾಗ ಏನಾಗುತ್ತದೆಂಬುದನ್ನು ಈಗ ಊಹಿಸುವುದು ಕಷ್ಟವಲ್ಲ. ಕೊನೆಯ ನಾಳದ ಗಂಡಿಗಳು ತೆರೆಯುವುದಿಲ್ಲ. ಕೊರತೆ ಪೂರ್ಣವಾದರೆ ದಿನಕ್ಕೆ ಹತ್ತು, ಹದಿನೈದು ಲೀಟರ್, ಇನ್ನೂ ಹೆಚ್ಚು ತೆಳುಮೂತ್ರ ಹರಿದುಹೋಗಬಹುದು. ರೋಗಿ ರಾತ್ರಿ ಹಲವು ಬಾರಿ ಏಳುತ್ತಾನೆ, ತಣ್ಣೀರಿನ ತಂಬಿಗೆಯನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಾನೆ. ತಲೆಗೆ ಬಿದ್ದ ಪೆಟ್ಟು, ಪಿಟ್ಯುಟರಿಯ ಆಸುಪಾಸಿನ ಗಡ್ಡೆ, ಅದರ ಶಸ್ತ್ರಚಿಕಿತ್ಸೆ, ದೇಹದ ರಕ್ಷಣಾ ವ್ಯವಸ್ಥೆಯೇ ಆ ನರಕೋಶಗಳ ಮೇಲೆರಗುವುದು, ಇವು ಸಾಮಾನ್ಯ ಕಾರಣಗಳು. ಎರಡನೆಯ ಬಗೆಯಲ್ಲಿ ಹಾರ್ಮೋನಿದೆ, ಮೂತ್ರಪಿಂಡ ಅದರ ಮಾತು ಕೇಳುವುದಿಲ್ಲ. ಮನೋರೋಗದ ಚಿಕಿತ್ಸೆಗೆ ದೀರ್ಘಕಾಲ ಲಿಥಿಯಂ ಸೇವಿಸಿದವರಲ್ಲಿ, ರಕ್ತದ ಕ್ಯಾಲ್ಸಿಯಂ ಬಹಳ ಏರಿದವರಲ್ಲಿ ಇದನ್ನು ಕಾಣಬಹುದು. ಹುಟ್ಟಿನಿಂದಲೇ ಬರುವ ಒಂದು ರೂಪ ಎಕ್ಸ್ ವರ್ಣತಂತುವಿನ ಜೀನಿನ ದೋಷದಿಂದಾಗುವುದರಿಂದ ಹೆಚ್ಚಾಗಿ ಗಂಡುಮಕ್ಕಳನ್ನೇ ಬಾಧಿಸುತ್ತದೆ. ಹಸುಗೂಸು ಬಾಯಾರಿಕೆಯನ್ನು ಹೇಳಲಾರದು. ಬಿಟ್ಟುಬಿಟ್ಟು ಬರುವ ಜ್ವರ, ವಾಂತಿ, ಅಳು, ಏರದ ತೂಕ, ಸದಾ ಒದ್ದೆಯಾದ ಬಟ್ಟೆ, ಇಷ್ಟೇ ಸುಳಿವು. ಜ್ವರಕ್ಕೆ ಮದ್ದು ಕೊಡುತ್ತಾ ನೀರಿನ ಸಂಗತಿಯನ್ನು ಮರೆತರೆ ಮಗುವಿನ ಮಿದುಳಿಗೇ ಹಾನಿ.

ಇಂಥ ರೋಗಿಯ ಸಕ್ಕರೆ ಪರೀಕ್ಷೆ ಸರಿಯಾಗಿಯೇ ಇರುತ್ತದೆ. 'ಶುಗರ್ ಇಲ್ಲ, ನೀರು ಕುಡಿಯುವುದನ್ನು ಕಡಿಮೆ ಮಾಡಿ' ಎಂಬ ಸಲಹೆ ಅಲ್ಲಿಗೆ ಸಹಜವಾಗಿ ಬಂದುಬಿಡುತ್ತದೆ. ಅಭ್ಯಾಸಬಲದಿಂದಲೋ ಮನಸ್ಸಿನ ಕಾಯಿಲೆಯಿಂದಲೋ ಅತಿಯಾಗಿ ನೀರು ಕುಡಿಯುವವರೂ ಇದ್ದಾರೆ, ಅವರಿಗೆ ಆ ಸಲಹೆ ಸರಿ. ಆದರೆ ಸಪ್ಪೆಮೂತ್ರರೋಗಿ ಕುಡಿಯುವುದು ಹೋದದ್ದನ್ನು ತುಂಬಿಕೊಳ್ಳಲು. ಅವನಿಗೆ ನೀರು ತಡೆದರೆ ಮೂತ್ರ ನಿಲ್ಲುವುದಿಲ್ಲ, ರಕ್ತ ಸಾಂದ್ರವಾಗುತ್ತ ಹೋಗುತ್ತದೆ. ಇವೆರಡನ್ನು ಬೇರ್ಪಡಿಸಲು ವೈದ್ಯರು ನೀರು ತಡೆಯುವ ಪರೀಕ್ಷೆಯನ್ನೇ ಮಾಡುತ್ತಾರೆ, ಆದರೆ ಆಸ್ಪತ್ರೆಯಲ್ಲಿ, ಗಂಟೆಗಂಟೆಗೂ ತೂಕ ಮತ್ತು ಮೂತ್ರವನ್ನು ಅಳೆಯುತ್ತ. ತೂಕ ಗೊತ್ತಾದ ಮಿತಿಗಿಂತ ಇಳಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಕೊನೆಯಲ್ಲಿ ಡೆಸ್ಮೋಪ್ರೆಸಿನ್ ಎಂಬ ಕೃತಕ ಹಾರ್ಮೋನನ್ನು ಕೊಟ್ಟಾಗ ಮೂತ್ರ ಸಾಂದ್ರವಾದರೆ ಹಾರ್ಮೋನಿನ ಕೊರತೆ, ಆಗದಿದ್ದರೆ ಮೂತ್ರಪಿಂಡದ ಪ್ರತಿರೋಧ. ಮನೆಯಲ್ಲಿ ಇದನ್ನು ಯಾರೂ ಪ್ರಯತ್ನಿಸತಕ್ಕದ್ದಲ್ಲ.

ಇದಕ್ಕೆ ತಿರುವುಮುರುವಾದ ಸ್ಥಿತಿಯೂ ಇದೆ, ಮತ್ತು ಅದು ಇದಕ್ಕಿಂತ ಎಷ್ಟೋ ಹೆಚ್ಚು ಕಾಣಸಿಗುವಂಥದು. ನೀರು ಸಾಕಷ್ಟಿದ್ದರೂ ವಾಸೋಪ್ರೆಸಿನ್ ಸುರಿಯುತ್ತಲೇ ಇದ್ದರೆ, ಕುಡಿದ ನೀರೆಲ್ಲ ಒಳಗೇ ಉಳಿದು ರಕ್ತದ ಸೋಡಿಯಂ ತೆಳುವಾಗುತ್ತದೆ. 1957ರಲ್ಲಿ ಶ್ವಾರ್ಟ್ಸ್, ಬಾರ್ಟರ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿನ ಇಬ್ಬರು ರೋಗಿಗಳಲ್ಲಿ ಇದನ್ನು ಮೊದಲು ವಿವರಿಸಿದರು. ಕೆಲವು ಗಡ್ಡೆಗಳು ತಾವೇ ಈ ಹಾರ್ಮೋನನ್ನು ತಯಾರಿಸುತ್ತವೆ. ನ್ಯುಮೋನಿಯಾ, ಕ್ಷಯ, ಮಿದುಳಿನ ಸೋಂಕು, ಖಿನ್ನತೆಗೂ ಅಪಸ್ಮಾರಕ್ಕೂ ಕೊಡುವ ಕೆಲವು ಔಷಧಗಳು ಕೂಡ ಇದಕ್ಕೆ ದಾರಿಮಾಡುತ್ತವೆ. ನೋವು ಮತ್ತು ಓಕರಿಕೆ ಸಾಂದ್ರತೆಯ ಲೆಕ್ಕವನ್ನೇ ಬದಿಗೊತ್ತಿ ವಾಸೋಪ್ರೆಸಿನ್ನನ್ನು ಹೊರಡಿಸಬಲ್ಲವು. ಶಸ್ತ್ರಚಿಕಿತ್ಸೆಯಾದ ರೋಗಿಗೆ ಉಪ್ಪಿಲ್ಲದ ಡ್ರಿಪ್ಪನ್ನು ಧಾರಾಳವಾಗಿ ಏರಿಸುವುದು ಅಪಾಯವೆನ್ನುವುದು ಇದರಿಂದ.

ಈ ರೋಗ ಮನೆಗಳಲ್ಲಿ ಕಾಣಿಸಿಕೊಳ್ಳುವ ರೀತಿ ಮೋಸಗೊಳಿಸುವಂಥದು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಥಯಜೈಡ್ ಗುಳಿಗೆ ನುಂಗುತ್ತಿರುವ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಊಟ ಕಡಿಮೆ, ಉಪ್ಪು ಇನ್ನೂ ಕಡಿಮೆ, ನೀರು ಮಾತ್ರ ಚೆನ್ನಾಗಿ ಕುಡಿಯಬೇಕೆಂಬ ಉಪದೇಶ. ಕೆಲವು ದಿನಗಳಲ್ಲಿ ಅವರು ನಡೆಯುವಾಗ ತಡವರಿಸುತ್ತಾರೆ, ಮಕ್ಕಳ ಹೆಸರು ತಪ್ಪಿ ಕರೆಯುತ್ತಾರೆ, ಹಗಲಿನಲ್ಲಿ ಮಂಕಾಗಿ ಮಲಗಿರುತ್ತಾರೆ. ಅರುವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಹೇಳಿ ಮನೆಯವರು ಸುಮ್ಮನಾಗುತ್ತಾರೆ. ಇದು ಮರೆವಿನ ಕಾಯಿಲೆಯಲ್ಲ, ತೆಳುವಾದ ರಕ್ತದಿಂದ ಉಬ್ಬುತ್ತಿರುವ ಮಿದುಳು. ಒಂದು ಸಾಮಾನ್ಯ ರಕ್ತಪರೀಕ್ಷೆ ಅದನ್ನು ತೋರಿಸುತ್ತದೆ. ಮರೆವಿನ ಕಾಯಿಲೆ ವರ್ಷಗಳಲ್ಲಿ ಬೆಳೆಯುತ್ತದೆ, ಇದು ದಿನಗಳಲ್ಲಿ. ಆ ವ್ಯತ್ಯಾಸವೊಂದನ್ನು ಗಮನಿಸಿದರೆ ಸೆಳವು, ಮೂರ್ಛೆಗಳವರೆಗೆ ಹೋಗುವುದನ್ನು ತಪ್ಪಿಸಬಹುದು. ಯುವಕರೂ ಇದಕ್ಕೆ ಹೊರತಲ್ಲ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ಸೋಡಿಯಂ ತಗ್ಗಿತ್ತು. ಓಡುತ್ತ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಹೆಚ್ಚಾಗಿ ಕಂಡುಬಂತು. 'ಎಷ್ಟು ಕುಡಿದರೂ ನೀರು ಒಳ್ಳೆಯದೇ' ಎಂಬ ಈ ಕಾಲದ ಉಪದೇಶಕ್ಕೆ ಇದೊಂದು ತಿದ್ದುಪಡಿ.

ಚಿಕಿತ್ಸೆಯಲ್ಲಿಯೂ ಅವಸರ ಸಲ್ಲದು. ಸೋಡಿಯಂ ಇಳಿದ ಸ್ಥಿತಿಗೆ ಮಿದುಳು ಒಂದೆರಡು ದಿನಗಳಲ್ಲಿ ಹೊಂದಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಏರಿಸಿದರೆ ನರತಂತುಗಳ ಹೊದಿಕೆ ಕಳಚಿ, ಕೈಕಾಲು, ಮಾತು, ನುಂಗುವ ಶಕ್ತಿಗಳೇ ಹೋಗಬಹುದು. ಆದ್ದರಿಂದ ವೈದ್ಯರು ದಿನಕ್ಕೆ ಎಂಟು, ಹತ್ತು ಮಿಲಿಮೋಲ್‌ಗಳಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. ಮನೆಯವರು ಗಾಬರಿಯಿಂದ ಉಪ್ಪುನೀರು ಕುಡಿಸುವುದು ಯಾವ ಲೆಕ್ಕಕ್ಕೂ ಸಿಗದ ಚಿಕಿತ್ಸೆ. ಸೋಡಿಯಂ ತಗ್ಗಲು ನಿಜಕ್ಕೂ ಉಪ್ಪಿನ ನಷ್ಟವೇ ಕಾರಣವಾಗುವ ರೋಗವೂ ಉಂಟು. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ವಿವರಿಸಿದ, ಅಡ್ರಿನಲ್ ಗ್ರಂಥಿಗಳು ನಾಶವಾಗುವ ರೋಗದಲ್ಲಿ ಆಲ್ಡೋಸ್ಟಿರಾನ್ ಇಲ್ಲದೆ ಉಪ್ಪು ಸೋರಿಹೋಗುತ್ತದೆ. ನಿಶ್ಶಕ್ತಿ, ಕಪ್ಪಾಗುವ ಚರ್ಮ, ತಗ್ಗಿದ ರಕ್ತದೊತ್ತಡ, ಉಪ್ಪಿಗಾಗಿ ಹಂಬಲ ಅದರ ಗುರುತುಗಳು. ಕ್ಷಯ ಅದಕ್ಕೆ ಹಳೆಯ ಕಾರಣ, ಭಾರತದಲ್ಲಿ ಇಂದಿಗೂ ನೆನಪಿಡಬೇಕಾದ ಕಾರಣ.

ಸಪ್ಪೆಮೂತ್ರರೋಗಿಗೆ ಡೆಸ್ಮೋಪ್ರೆಸಿನ್ ದೊರೆತರೆ ಬದುಕು ಹೆಚ್ಚುಕಡಿಮೆ ಎಲ್ಲರಂತೆಯೇ ಸಾಗುತ್ತದೆ. ಮೂಗಿಗೆ ಸಿಂಪಡಿಸುವ ರೂಪದಲ್ಲಿಯೂ ಗುಳಿಗೆಯಾಗಿಯೂ ಅದು ಸಿಗುತ್ತದೆ. ಅದನ್ನು ತೆಗೆದುಕೊಂಡ ಮೇಲೂ ಹಳೆಯ ರೂಢಿಯಂತೆ ನೀರು ಸುರಿದುಕೊಂಡರೆ ಎರಡನೆಯ ರೋಗವನ್ನು ತಾನೇ ಬರಿಸಿಕೊಂಡಂತೆ. ಬಾಯಾರಿದಾಗ ಮಾತ್ರ ಕುಡಿಯಬೇಕೆಂದೂ, ಮುಂದಿನ ಗುಳಿಗೆಗೆ ಮೊದಲು ಒಮ್ಮೆಯಾದರೂ ಮೂತ್ರ ಧಾರಾಳವಾಗಿ ಹೋಗಲು ಬಿಡಬೇಕೆಂದೂ ವೈದ್ಯರು ಹೇಳುವುದು ಅದಕ್ಕಾಗಿ. ನಿಜವಾದ ಗಂಡಾಂತರ ಬರುವುದು ರೋಗಿ ಬೇರೆ ಯಾವುದೋ ಕಾರಣಕ್ಕೆ, ಮೂಳೆ ಮುರಿದೋ ಅಪಘಾತವಾಗಿಯೋ, ತನ್ನನ್ನು ಅರಿಯದ ಆಸ್ಪತ್ರೆಯಲ್ಲಿ ಮಲಗಿದಾಗ. ಪ್ರಜ್ಞೆ ತಪ್ಪಿದವನು ನೀರು ಕೇಳಲಾರ. ಕೇಸ್ ಶೀಟಿನಲ್ಲಿ 'ಡಯಾಬಿಟಿಸ್' ಎಂಬ ಒಂದೇ ಶಬ್ದ ಇದ್ದರೆ ದಾದಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾಳೆ, ಸರಿಯಿದೆಯೆಂದು ಬರೆದು ಮುಂದೆ ಹೋಗುತ್ತಾಳೆ. ಗುಳಿಗೆ ತಪ್ಪಿದ ದಿನದಿಂದಲೇ ನೀರು ಮತ್ತೆ ಹರಿದುಹೋಗತೊಡಗುತ್ತದೆ.

ಅಕ್ಕಲಕೋಟೆಯವರು ಸೊಲ್ಲಾಪುರಕ್ಕೂ, ಕಾಸರಗೋಡಿನವರು ಮಂಗಳೂರಿಗೂ, ತಾಳವಾಡಿಯವರು ಸತ್ಯಮಂಗಲಕ್ಕೋ ಚಾಮರಾಜನಗರಕ್ಕೋ ಚಿಕಿತ್ಸೆಗೆ ಹೋಗುತ್ತಾರೆ. ಒಂದೇ ಕುಟುಂಬದ ಔಷಧ ಚೀಟಿಗಳಲ್ಲಿ ಎರಡು ಮೂರು ಭಾಷೆಗಳಿರುವುದು ಈ ಊರುಗಳಲ್ಲಿ ಹೊಸತಲ್ಲ. ಇಂಥ ರೋಗಿ ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಾದ ಕಾರ್ಡಿನಲ್ಲಿ ಮನೆಯ ಭಾಷೆಯಲ್ಲಿಯೂ ಆಸ್ಪತ್ರೆಯ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರಬೇಕಾದದ್ದು ಇಷ್ಟು: ಇದು ಸಕ್ಕರೆ ಕಾಯಿಲೆಯಲ್ಲ, ವಾಸೋಪ್ರೆಸಿನ್ ಕೊರತೆ, ಡೆಸ್ಮೋಪ್ರೆಸಿನ್ ನಿಲ್ಲಿಸಬಾರದು, ನೀರು ಕೇಳಿದರೆ ಕೊಡಿ, ಸೋಡಿಯಂ ಪರೀಕ್ಷಿಸಿ.